20ನೇ ದಿನವೂ ಮೊಟ್ಟೆ ಸುಮ್ಮನಿದೆ, ಒಳಗೆ ಮರಿ ಬದುಕಿದೆಯಾ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಥರ್ಮೋಕೋಲ್ ಪೆಟ್ಟಿಗೆಯ ಸಣ್ಣ ಇನ್‌ಕ್ಯುಬೇಟರ್‌ನಲ್ಲಿ 24 ನಾಟಿ ಕೋಳಿ ಮೊಟ್ಟೆ ಇಟ್ಟಿದ್ದೇನೆ. ಇಟ್ಟಿದ್ದು ಗುರುವಾರ ರಾತ್ರಿ. ಅದನ್ನು ಒಂದನೇ ದಿನ ಅಂತ ಹಿಡಿದರೆ ಇವತ್ತು, ಮಂಗಳವಾರ, 20ನೇ ದಿನ. ಭಾನುವಾರ ರಾತ್ರಿ ಐದು ಗಂಟೆ ಕರೆಂಟ್ ಇರಲಿಲ್ಲ. ಪೆಟ್ಟಿಗೆಯೊಳಗೆ 29 ಡಿಗ್ರಿಗೆ ಇಳಿದಿತ್ತು. ಬೆಳಿಗ್ಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಎರಡು ಬಿಟ್ಟು ಉಳಿದವೆಲ್ಲ ಕಪ್ಪಗಿವೆ, ಯಾವುದೂ ಅಲ್ಲಾಡುತ್ತಿಲ್ಲ. ನೀರಲ್ಲಿ ಬಿಟ್ಟು ನೋಡು ಅಂತಾರೆ ಅತ್ತೆ. ಒಂದನ್ನು ಒಡೆದೇ ನೋಡೋಣ ಅಂತಾರೆ ನಮ್ಮ ಯಜಮಾನರು. ಇನ್ನೊಂದು ವಿಷಯ: ಕೊಟ್ಟಿಗೆಯಲ್ಲಿ ಒಂದು ಹೇಟೆಯನ್ನೂ ಕಾವಿಗೆ ಕೂರಿಸಿದ್ದೆ. ಅದು ಆರು ಮರಿ ಮಾಡಿಕೊಂಡು ಇವತ್ತು ಬೆಳಿಗ್ಗೆ ಎದ್ದುಹೋಯಿತು, ನಾಲ್ಕು ಮೊಟ್ಟೆ ಹಾಗೇ ಉಳಿದಿವೆ. ಅವನ್ನು ಏನು ಮಾಡಲಿ?

ಉತ್ತರ: ಮೊದಲು ಯಜಮಾನರ ಕೈ ಹಿಡಿದುಕೊಳ್ಳಿ. ಒಡೆಯುವುದು ಬೇಡ. ನೀವು ಬರೆದಿದ್ದನ್ನು ಓದಿದರೆ ಮರಿಗಳು ಸತ್ತಿವೆ ಅನ್ನುವುದಕ್ಕೆ ಒಂದೇ ಒಂದು ಗುರುತೂ ಇಲ್ಲ. ಎರಡು ಮೊಟ್ಟೆ ಬಿಟ್ಟು ಉಳಿದವೆಲ್ಲ ಕಪ್ಪಗಿವೆ ಅಂದಿರಲ್ಲ, ಅದು ಒಳ್ಳೆಯ ಸುದ್ದಿ.

ದಿನದ ಲೆಕ್ಕದಿಂದಲೇ ಶುರು ಮಾಡೋಣ. ಈ ತರಹದ ಪ್ರಶ್ನೆ ಬಂದಾಗ ಹೆಚ್ಚಿನ ಸಲ ತೊಂದರೆ ಇರುವುದು ಮೊಟ್ಟೆಯಲ್ಲಲ್ಲ, ಲೆಕ್ಕದಲ್ಲಿ. ಮೊಟ್ಟೆ ಇಟ್ಟ ದಿನವನ್ನು ಒಂದು ಅಂತ ಎಣಿಸಬಾರದು. 24 ಗಂಟೆ ಕಾವು ಸಿಕ್ಕ ಮೇಲೆ ಒಂದು ದಿನ ತುಂಬುತ್ತದೆ. ನೀವು ಗುರುವಾರ ರಾತ್ರಿ ಇಟ್ಟಿರಿ, ಶುಕ್ರವಾರ ರಾತ್ರಿಗೆ ಒಂದು ದಿನ. ಹಾಗೆ ಎಣಿಸಿದರೆ ಇವತ್ತು ರಾತ್ರಿಗೆ 19 ದಿನ ತುಂಬುತ್ತದೆ. ನಿಮ್ಮ 20ನೇ ದಿನದ ಬೆಳಿಗ್ಗೆ ಮೊಟ್ಟೆಗೆ ಹದಿನೆಂಟೂವರೆ ದಿನ ಅಷ್ಟೆ. ನೆನಪಿಡಲು ಸುಲಭದ ದಾರಿ ಇದೆ. ಯಾವ ವಾರ ಇಡುತ್ತೀರೋ, ಮೂರು ವಾರದ ಮೇಲೆ ಅದೇ ವಾರ ಮರಿ ಬರಬೇಕು. ಗುರುವಾರ ಇಟ್ಟಿದ್ದಕ್ಕೆ ಗುರುವಾರ. ಅದರ ಮೇಲೆ ಭಾನುವಾರದ ಐದು ಗಂಟೆಯ ತಂಪೂ ಸೇರಿದೆ. ಅದಕ್ಕೆ ಶುಕ್ರವಾರದವರೆಗೂ ಸಮಾಧಾನವಾಗಿರಿ.

ಮೊಟ್ಟೆ ಎಷ್ಟು ಹಳೆಯದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಾಟಿ ಕೋಳಿ ದಿನಾ ಮೊಟ್ಟೆ ಇಡುವುದಿಲ್ಲ. 24 ಕೂಡಿಸಲು ಹತ್ತು ಹನ್ನೆರಡು ದಿನ ಹಿಡಿದಿರಬಹುದು. ವಾರಕ್ಕಿಂತ ಜಾಸ್ತಿ ಇಟ್ಟ ಮೊಟ್ಟೆ, ಹೆಚ್ಚು ಇಟ್ಟ ಪ್ರತಿ ದಿನಕ್ಕೆ ಸುಮಾರು ಒಂದು ಗಂಟೆಯಂತೆ ತಡವಾಗಿ ಒಡೆಯುತ್ತದೆ. ಪೆಟ್ಟಿಗೆ ಅರ್ಧ ಡಿಗ್ರಿ ತಂಪಾಗಿ ಓಡುತ್ತಿದ್ದರಂತೂ ಅರ್ಧ ದಿನ, ಒಂದು ದಿನ ಸುಲಭವಾಗಿ ಹಿಂದೆ ಬೀಳುತ್ತದೆ. ಅದಕ್ಕೇ ಒಂದೇ ದಿನ ಇಟ್ಟ ಮೊಟ್ಟೆಗಳೂ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ.

ಇನ್ನು ಕರೆಂಟ್ ಹೋಗಿದ್ದು. ಮೊದಲ ವಾರದಲ್ಲಿ ಹೀಗಾಗಿದ್ದರೆ ನಾನೂ ಸ್ವಲ್ಪ ಯೋಚನೆ ಮಾಡುತ್ತಿದ್ದೆ. ಕೊನೆಯ ವಾರದ ಮರಿಯ ಕಥೆ ಬೇರೆ. ಅದರ ಮೈಯಲ್ಲೇ ಬಿಸಿ ಹುಟ್ಟುತ್ತಿರುತ್ತದೆ. ಮುಚ್ಚಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಪ್ಪತ್ತು ಮೊಟ್ಟೆ ಒಟ್ಟಿಗಿದ್ದರೆ ಒಂದಕ್ಕೊಂದು ಕಾವು ಕೊಡುತ್ತವೆ. ತೋರಿಸುವ 29 ಡಿಗ್ರಿ ಗಾಳಿಯದು, ಮೊಟ್ಟೆಯ ಒಳಗೆ ಅಷ್ಟು ಇಳಿದಿರುವುದಿಲ್ಲ. ಇಂಥ ತಂಪಿನಿಂದ ಮರಿ ಸಾಯುವುದಕ್ಕಿಂತ ತಡವಾಗುವುದೇ ಹೆಚ್ಚು. ಈ ವಯಸ್ಸಿನಲ್ಲಿ ಕೊಲ್ಲುವುದು ತಂಪಲ್ಲ, ಸೆಕೆ. 40 ಡಿಗ್ರಿ ದಾಟಿ ಕೆಲವು ಗಂಟೆ ನಿಂತರೆ ಉಳಿಯುವುದು ಕಷ್ಟ. ಕರೆಂಟ್ ಬಂದ ಮೇಲೆ ಅಗ್ಗದ ಥರ್ಮೋಸ್ಟಾಟ್ ಒಮ್ಮೊಮ್ಮೆ ಗುರಿ ಮೀರಿ ಬಿಸಿ ಮಾಡಿಬಿಡುತ್ತದೆ. ಅದನ್ನು ನೋಡಿದ್ದೀರಾ? ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಇರಬೇಕು. ಪೆಟ್ಟಿಗೆಯ ಮೀಟರ್ ಮೇಲೆ ಅನುಮಾನ ಇದ್ದರೆ ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಅದರ ಸೆನ್ಸರ್ ತುದಿಯನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಟ್ಟಿಗೆ ಇಟ್ಟು ಹೋಲಿಸಿ. ಜ್ವರದ ಥರ್ಮಾಮೀಟರ್ ನಮಗೆ ಬೇಕಾದ ಈ ಶಾಖದಲ್ಲೇ ಸರಿಯಾಗಿ ತೋರಿಸುವಂಥದ್ದು.

ಹಾಗಾದರೆ ಮರಿ ಯಾಕೆ ಅಲ್ಲಾಡುತ್ತಿಲ್ಲ? ಅಲ್ಲಾಡಲು ಜಾಗ ಇಲ್ಲ, ಅದಕ್ಕೆ. ಹತ್ತು ಹನ್ನೆರಡನೇ ದಿನ ಬೆಳಕಿಗೆ ಹಿಡಿದರೆ ಮರಿ ನೀರಿನಲ್ಲಿ ಈಜಿದ ಹಾಗೆ ಕಾಣುತ್ತದೆ, ಅಲ್ವಾ? ಆಗ ಸುತ್ತ ಬಿಳಿ ಲೋಳೆ ಇರುತ್ತದೆ. 16ನೇ ದಿನದ ಹೊತ್ತಿಗೆ ಆ ಬಿಳಿ ಹೆಚ್ಚುಕಡಿಮೆ ಮುಗಿದಿರುತ್ತದೆ. 18, 19ರಲ್ಲಿ ಮರಿ ಇಡೀ ಮೊಟ್ಟೆ ತುಂಬಿಕೊಂಡು, ತಲೆಯನ್ನು ಬಲ ರೆಕ್ಕೆಯ ಕೆಳಗೆ ಸಿಕ್ಕಿಸಿಕೊಂಡು, ಕೊಕ್ಕನ್ನು ದಪ್ಪ ತುದಿಯ ಕಡೆ ಇಟ್ಟುಕೊಂಡು ಕೂತಿರುತ್ತದೆ. ಆ ದಪ್ಪ ತುದಿಯಲ್ಲೇ ಗಾಳಿಯ ಜಾಗ ಇರುವುದು. 19ನೇ ದಿನದಿಂದ ಉಳಿದ ಹಳದಿ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಹೋಗಲು ಶುರುವಾಗುತ್ತದೆ. ಇದೆಲ್ಲ ನಡೆಯುವಾಗ ಮರಿ ಸುಮ್ಮನೇ ಇರುತ್ತದೆ, ನಡುನಡುವೆ ಒಮ್ಮೆ ಮಿಸುಕುತ್ತದೆ. ನೀವು ಟಾರ್ಚ್ ಹಿಡಿದ ಅರ್ಧ ನಿಮಿಷದಲ್ಲೇ ಅದು ಮಿಸುಕಬೇಕು ಅಂತ ಏನಿಲ್ಲ.

ಆಮೇಲೆ ಕೊಕ್ಕು ಒಳಪೊರೆಯನ್ನು ಚುಚ್ಚಿ ಗಾಳಿಯ ಜಾಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಚಿಪ್ಪಿನ ಒಳಗೆ ಹಬ್ಬಿದ ರಕ್ತನಾಳಗಳೇ ಉಸಿರಾಟದ ಕೆಲಸ ಮಾಡುತ್ತಿದ್ದವು. ಈಗ ಮೊದಲ ಸಲ ಶ್ವಾಸಕೋಶ ಕೆಲಸಕ್ಕೆ ಇಳಿಯುತ್ತದೆ. ಆ ಪುಟ್ಟ ಜಾಗದ ಗಾಳಿ ಕೆಡುತ್ತಾ ಬಂದಂತೆ ಕತ್ತಿನ ಹಿಂದಿನ ದಪ್ಪ ಸ್ನಾಯು ಎಳೆಯುತ್ತದೆ, ಕೊಕ್ಕಿನ ಮೇಲಿನ ಮೊನೆ ಚಿಪ್ಪಿಗೆ ತಾಗುತ್ತದೆ, ಹೊರಗೆ ನಕ್ಷತ್ರದಂಥ ಬಿರುಕು ಕಾಣುತ್ತದೆ. ಒಳಪೊರೆ ಚುಚ್ಚಿದ್ದಕ್ಕೂ ಹೊರಗೆ ಬಿರುಕು ಕಾಣುವುದಕ್ಕೂ ನಡುವೆ ಅರ್ಧ ದಿನದಿಂದ ಒಂದು ದಿನ ಹೋಗುತ್ತದೆ. ಹೊರಗಿನವರಿಗೆ ಏನೂ ನಡೆಯದಂತೆ ಕಾಣುವ ಹೊತ್ತು ಇದೇ. ಮರಿಗೆ ಮಾತ್ರ ಜೀವನದ ಅತಿ ಕಷ್ಟದ ದಿನ. ಕಾವಿನಲ್ಲಿ ಮರಿ ಸಾಯುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ: ಮೊದಲ ಮೂರು ನಾಲ್ಕು ದಿನ, ಕೊನೆಯ ಮೂರು ದಿನ. ನಿಮ್ಮ ಭಯಕ್ಕೆ ಕಾರಣ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಪರೀಕ್ಷೆ ಮಾಡುವ ಆತುರದಲ್ಲಿ ಬದುಕಿದ್ದನ್ನು ಸಾಯಿಸಬಾರದು.

ಕೊನೆಯ ದಿನಗಳಲ್ಲಿ ಮಾಡುವ ಯಾವ ಪರೀಕ್ಷೆಯಾದರೂ ಬದುಕಿದೆ ಅಂತ ಹೇಳಬಲ್ಲದು. ಸತ್ತಿದೆ ಅಂತ ಖಡಾಖಂಡಿತ ಹೇಳಲಾರದು. ಇದನ್ನು ಮನಸ್ಸಿನಲ್ಲಿಟ್ಟು ಮುಂದೆ ಓದಿ.

ಬೆಳಕಿಗೆ ಹಿಡಿದು ನೋಡುವುದೇ ಎಲ್ಲಕ್ಕಿಂತ ಒಳ್ಳೆಯದು. ಆದರೆ ನೀವು ನೋಡುತ್ತಿರುವ ಜಾಗ ಸರಿಯಿಲ್ಲ. ಮೊಟ್ಟೆಯ ಹೊಟ್ಟೆಯ ಕಡೆ ಟಾರ್ಚ್ ಹಿಡಿದರೆ ಈಗ ಕಪ್ಪು ಬಿಟ್ಟು ಏನೂ ಕಾಣದು. ಬೆಳಕು ತೂರದಷ್ಟು ಮರಿ ಬೆಳೆದಿದೆ ಅಂತ ಅರ್ಥ. ಒಂದು ರಟ್ಟಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ತೂತು ಮಾಡಿ ಟಾರ್ಚಿನ ಮೇಲಿಡಿ. ಕೋಣೆ ಪೂರ್ತಿ ಕತ್ತಲಿರಲಿ. ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಒತ್ತಿ ಹಿಡಿದು, ಸ್ವಲ್ಪ ಓರೆ ಮಾಡಿ, ಮೆಲ್ಲಗೆ ಸುತ್ತಿಸಿ. ತುದಿಯಲ್ಲಿ ಬೆಳಕು ತುಂಬಿದ ಜಾಗ ಕಾಣುತ್ತದೆ. ಅದೇ ಗಾಳಿಕೋಶ. ನಿಮ್ಮ ಕಣ್ಣು ಇರಬೇಕಾದ್ದು ಆ ಬೆಳಕೂ ಕೆಳಗಿನ ಕಪ್ಪೂ ಸೇರುವ ಗೆರೆಯ ಮೇಲೆ.

ಆ ಗೆರೆ ಚೊಕ್ಕವಾಗಿದೆಯಾ, ಗೆರೆಯ ಪಕ್ಕದಲ್ಲಿ ಕೆಂಪು ನಾಳಗಳು ಕಾಣುತ್ತವೆಯಾ ನೋಡಿ. ಕೆಂಪು ಕಂಡರೆ ರಕ್ತ ಓಡುತ್ತಿದೆ, ಮುಂದಿನ ಮಾತೇ ಬೇಡ. 17, 18ನೇ ದಿನದ ನಂತರ ಗೆರೆ ನೇರವಾಗಿ ಉಳಿಯುವುದಿಲ್ಲ. ಒಂದು ಕಡೆ ಕೆಳಕ್ಕೆ ಜಾರಿ ಓರೆಯಾಗುತ್ತದೆ, ಗಾಳಿಯ ಜಾಗ ದಿಢೀರನೆ ದೊಡ್ಡದಾದಂತೆ ಕಾಣುತ್ತದೆ. ಮರಿ ಹೊರಗೆ ಬರಲು ಸಿದ್ಧವಾಗುತ್ತಿದೆ ಅಂತ ಇದರ ಅರ್ಥ. ಇವತ್ತಿನ ಗೆರೆಯನ್ನು ಸೀಸದ ಕಡ್ಡಿಯಲ್ಲಿ ಚಿಪ್ಪಿನ ಮೇಲೆ ಗುರುತು ಮಾಡಿ. ಸ್ಕೆಚ್ ಪೆನ್ ಬೇಡ. 12 ಗಂಟೆ ಬಿಟ್ಟು ನೋಡಿದಾಗ ಗೆರೆ ಗುರುತು ಬಿಟ್ಟು ಸರಿದಿದ್ದರೆ ಮರಿ ಬದುಕಿದೆ. ಮಿಸುಕಾಟ ಕಾಣದೆ ಹೋದರೂ ಈ ಗುರುತು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ.

ಇನ್ನೂ ಮುಂದಕ್ಕೆ ಹೋದ ಮೊಟ್ಟೆಯಲ್ಲಿ ಗಾಳಿಯ ಜಾಗದೊಳಗೇ ಒಂದು ನೆರಳು ನುಗ್ಗಿರುತ್ತದೆ. ಅದು ಕೊಕ್ಕು. ದಿಟ್ಟಿಸಿ ನೋಡಿದರೆ ಉಸಿರಿಗೆ ತಕ್ಕಂತೆ ಅದುರುತ್ತಿರುತ್ತದೆ. ಈ ಹಂತದಲ್ಲಿ ಕೆಂಪು ನಾಳಗಳು ಮಸುಕಾಗುತ್ತಾ ಹೋಗುತ್ತವೆ, ಆ ರಕ್ತ ಮರಿಯ ಮೈಗೆ ಸೇರಿಕೊಳ್ಳುತ್ತಿರುತ್ತದೆ. ನಿನ್ನೆ ಕೆಂಪು ಇತ್ತು, ಇವತ್ತಿಲ್ಲ, ಅಯ್ಯೋ ಅಂತ ಬಿಸಾಡಿದವರಿದ್ದಾರೆ. ಹಾಗೆ ಮಾಡಬೇಡಿ.

ಸತ್ತ ಮೊಟ್ಟೆ ಹೇಗೆ ಕಾಣುತ್ತದೆ ಅಂತಲೂ ಹೇಳಬೇಕಲ್ಲ. ಗೆರೆ ಕಲಸಿದಂತೆ ಮಸುಕಾಗಿರುತ್ತದೆ. ನಾಳ ಕಂಡರೂ ಕಂದು ಇಲ್ಲವೇ ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ. ಮೊಟ್ಟೆಯನ್ನು ಓರೆ ಮಾಡಿದಾಗ ಒಳಗಿನ ಕಪ್ಪೆಲ್ಲ ನೀರು ನೀರಾಗಿ ಒಟ್ಟಿಗೆ ಜರುಗುತ್ತದೆ. ಗುರುತು ಮಾಡಿದ ಗೆರೆ ಎರಡು ದಿನವಾದರೂ ಸರಿದಿರುವುದಿಲ್ಲ. ಇಷ್ಟೂ ಒಂದೇ ಮೊಟ್ಟೆಯಲ್ಲಿ ಕಂಡರೆ ಅನುಮಾನ ಪಡಿ. ಒಂದೇ ಗುರುತು ಕಂಡರೆ ಕಾಯಿರಿ. ನಿಮ್ಮ ಎರಡು ತಿಳಿ ಮೊಟ್ಟೆಗಳು ಗೊಡ್ಡು, ಹುಂಜದ ಬೀಜ ಬೀಳದೇ ಇದ್ದವು, ಇಲ್ಲವೇ ಮೊದಲ ದಿನಗಳಲ್ಲೇ ಸತ್ತವು. ಅವನ್ನು ಈಗಲೇ ಬಿಸಾಡಬೇಡಿ. ಹೋಲಿಸಿ ನೋಡಲು ಒಂದು ಬೇಕಾಗುತ್ತದೆ.

ಇದೆಲ್ಲ ನಾಟಿ ಕೋಳಿಯ ತೆಳು ಬಣ್ಣದ ಚಿಪ್ಪಿಗೆ ಸರಿ. ಗಿನಿ ಕೋಳಿ ಮೊಟ್ಟೆಯ ದಪ್ಪ ಚಿಪ್ಪಿನಲ್ಲಿ ಅನುಭವಸ್ಥರಿಗೂ ಕಾಣುವುದು ಕಷ್ಟ. ಲೆಕ್ಕದ ದಿನಗಳೂ ಹಕ್ಕಿಯಿಂದ ಹಕ್ಕಿಗೆ ಬೇರೆ. ಕ್ವೈಲ್‌ಗೆ (ಗೌಜಲು ಹಕ್ಕಿ) 17-18, ಬಾತುಕೋಳಿಗೆ 28, ಟರ್ಕಿಗೆ 28, ಗಿನಿ ಕೋಳಿಗೆ 26-28, ಮಸ್ಕೋವಿ ಬಾತಿಗೆ 35ರ ಆಸುಪಾಸು. ಹೊಲದಲ್ಲಿ ನವಿಲಿನ ಮೊಟ್ಟೆ ಸಿಕ್ಕಿದೆ, ಯಂತ್ರದಲ್ಲಿ ಇಡಲಾ ಅಂತ ಕೇಳುವವರೂ ಇದ್ದಾರೆ. ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನವಿಲು ಮೊದಲನೇ ಅನುಸೂಚಿಯಲ್ಲಿದೆ, ಅದರ ಮೊಟ್ಟೆ ತೆಗೆಯುವುದೂ ಅಪರಾಧ. ಗೂಡಿಗೆ ಅಪಾಯ ಇದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಈಗ ಅತ್ತೆಯವರ ನೀರಿನ ಪರೀಕ್ಷೆ. ಅವರು ಹೇಳಿದ್ದು ಸುಳ್ಳಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟರೆ ಜೀವ ಇರುವ ಮೊಟ್ಟೆ ತಾನಾಗೇ ಅಲುಗುತ್ತದೆ. ಗಟ್ಟಿ ನೆಲದ ಮೇಲೆ ಕಾಣದ ಸಣ್ಣ ಒದೆತವೂ ನೀರಿನ ಮೇಲೆ ಕಾಣುತ್ತದೆ. ಆದರೆ ಈ ಪರೀಕ್ಷೆಯ ಬಗ್ಗೆ ಓಡಾಡುವ ಮಾತುಗಳಲ್ಲಿ ಅರ್ಧ ತಪ್ಪು. ತೇಲಿದರೆ ಬದುಕಿದೆ, ಮುಳುಗಿದರೆ ಸತ್ತಿದೆ ಅಂತಾರಲ್ಲ, ಅದು ನಂಬುವ ಮಾತಲ್ಲ. 18 ದಿನ ಬೆಚ್ಚಗೆ ಕೂತ ಮೊಟ್ಟೆಯಿಂದ ನೀರಿನಂಶ ಆವಿಯಾಗಿ ಹೋಗಿರುತ್ತದೆ, ಇಟ್ಟಾಗಿನ ತೂಕದಲ್ಲಿ ನೂರಕ್ಕೆ ಸುಮಾರು 12 ಭಾಗ. 45 ಗ್ರಾಂ ಮೊಟ್ಟೆ ಐದಾರು ಗ್ರಾಂ ಕಳೆದುಕೊಂಡಿರುತ್ತದೆ. ಆ ಜಾಗಕ್ಕೆ ಗಾಳಿ ಬಂದಿರುತ್ತದೆ. ಅದರಿಂದ ಗೊಡ್ಡು ಮೊಟ್ಟೆಯೂ ತೇಲುತ್ತದೆ, ಸತ್ತದ್ದೂ ತೇಲುತ್ತದೆ, ಜೀವ ಇರುವುದೂ ತೇಲುತ್ತದೆ. ಸಾವು ಬದುಕಿನ ಲೆಕ್ಕ ತೇಲುವುದರಲ್ಲಿ ಇಲ್ಲ, ಅಲುಗುವುದರಲ್ಲಿ ಮಾತ್ರ ಇದೆ. ಅಲುಗಿದರೆ ಬದುಕಿದೆ. ಅಲುಗದಿದ್ದರೆ ಏನೂ ಗೊತ್ತಾಗಲಿಲ್ಲ ಅಷ್ಟೆ. ಮರಿ ಆ ಹೊತ್ತಿಗೆ ಸುಮ್ಮನೆ ಇದ್ದಿರಬಹುದು.

ಅಪಾಯವೂ ಇದೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಮೊಟ್ಟೆಗಿಂತ ತಣ್ಣಗಿನ ನೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಎಳೆಯುತ್ತದೆ. ನೀರಿನ ಜೊತೆ ಚಿಪ್ಪಿನ ಮೇಲಿನ ಕೊಳೆಯೂ ಹೋಗುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರಂತೂ ಮರಿ ಒಳಗೇ ಮುಳುಗಿ ಸಾಯುತ್ತದೆ. ಹಾಗಾಗಿ ಒಂದು ಮೊಟ್ಟೆಯಲ್ಲಾದರೂ ಕೊಕ್ಕಿನ ಬಿರುಕು ಕಂಡಿದೆ ಅಂದರೆ ನೀರಿನ ಪಾತ್ರೆಯನ್ನು ಅಲ್ಲಿಂದ ತೆಗೆದೇಬಿಡಿ. ಉಳಿದವೂ ಅದೇ ವಯಸ್ಸಿನವು, ಯಾವುದು ಯಾವಾಗ ಬಿರುಕು ಬಿಡುತ್ತದೋ ಗೊತ್ತಿಲ್ಲ.

ನನ್ನ ಕೇಳಿದರೆ ನಿಮಗೆ ಇವತ್ತು ಈ ಪರೀಕ್ಷೆ ಬೇಕಾಗಿಯೇ ಇಲ್ಲ. ಬೆಳಕಿನಲ್ಲಿ ಏನೂ ತೀರ್ಮಾನವಾಗದ, 22 ದಿನ ತುಂಬಿದ, ಬಿರುಕು ಒಂದೂ ಇಲ್ಲದ ಮೊಟ್ಟೆಗೆ ಮಾತ್ರ ಇದನ್ನು ಇಟ್ಟುಕೊಳ್ಳಿ. ಆಗ ಮಾಡುವುದಾದರೆ ನೀರು 38 ಡಿಗ್ರಿ ಇರಲಿ, ಜ್ವರದ ಥರ್ಮಾಮೀಟರಿನಲ್ಲೇ ನೋಡಿ. ಅಗಲ ಬಾಯಿಯ ಪಾತ್ರೆ ಬೇಕು. ಮೊಟ್ಟೆಯನ್ನು ಕೈಯಲ್ಲೇ ಹಿಡಿದು ಇಳಿಸಿ, ನೀರು ಪೂರ್ತಿ ನಿಂತ ಮೇಲೆ ಬಿಡಿ. ಪಕ್ಕದಲ್ಲಿ ಆ ಗೊಡ್ಡು ಮೊಟ್ಟೆಯನ್ನೂ ಬಿಡಿ. ನೀರು ಕುಲುಕಿ ಅಲ್ಲಾಡುವುದಾದರೆ ಎರಡೂ ಅಲ್ಲಾಡುತ್ತವೆ, ಮರಿ ಒದ್ದರೆ ಒಂದೇ ಅಲ್ಲಾಡುತ್ತದೆ. ಒಂದೆರಡು ನಿಮಿಷ ಸಾಕು. ಉಜ್ಜದೆ ಬಟ್ಟೆಯಲ್ಲಿ ಒತ್ತಿ ತೇವ ತೆಗೆದು ವಾಪಸ್ ಇಡಿ.

ಕಿವಿಗೆ ಹಿಡಿದು ಕೇಳುವುದು ಇದಕ್ಕಿಂತ ನಿರಪಾಯ. ಒಳಪೊರೆ ಚುಚ್ಚಿದ ಮರಿ ಮೆಲ್ಲಗೆ ಚಿಂವ್ ಅನ್ನುತ್ತದೆ. ಟಿಕ್ ಟಿಕ್ ಅನ್ನುವ ಸದ್ದೂ ಕೇಳಬಹುದು, ಅದು ಕುಟ್ಟುವ ಸದ್ದೇ ಆಗಬೇಕೆಂದಿಲ್ಲ, ಉಸಿರಾಟದ ಜೊತೆ ಬರುವುದೂ ಇದೆ. ನೀವು ಬಾಯಲ್ಲಿ ಹೇಟೆಯ ಹಾಗೆ ಲೊಚಗುಟ್ಟಿದರೆ ಒಳಗಿನಿಂದ ಉತ್ತರ ಬರುವುದೂ ಉಂಟು. ಮೊಟ್ಟೆಗಳು ಹೀಗೆ ಒಂದರ ಸದ್ದನ್ನು ಒಂದು ಕೇಳಿಸಿಕೊಳ್ಳುತ್ತವೆ ಅಂತ 1960ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಮಾರ್ಗರೆಟ್ ವಿನ್ಸ್ ಅನ್ನುವವರು ಕ್ವೈಲ್ ಮೊಟ್ಟೆಗಳಲ್ಲಿ ತೋರಿಸಿದರು. ತಾಗಿಕೊಂಡಿದ್ದ ಮೊಟ್ಟೆಗಳು ಹೆಚ್ಚುಕಡಿಮೆ ಒಟ್ಟಿಗೆ ಒಡೆದವು. ಮೊಟ್ಟೆಗಳನ್ನು ದೂರ ದೂರ ಹರಡಿ ಇಡುವ ಅಭ್ಯಾಸ ಇದ್ದರೆ ಕೊನೆಯ ಮೂರು ದಿನ ಹತ್ತಿರ ಹತ್ತಿರ ಇಡಿ. ಸದ್ದು ಕೇಳಲು ಅಂತ ಮೊಟ್ಟೆಯನ್ನು ಮಾತ್ರ ಕುಲುಕಬೇಡಿ.

ಬಿಸಿ ನೋಡುವ ಉಪಾಯವೂ ಇದೆ. ಗೊಡ್ಡು ಮೊಟ್ಟೆ ಪೆಟ್ಟಿಗೆಯ ಗಾಳಿಯಷ್ಟೇ ಬೆಚ್ಚಗಿರುತ್ತದೆ. ಕೊನೆಯ ದಿನಗಳ ಜೀವಂತ ಮೊಟ್ಟೆ ಅದಕ್ಕಿಂತ ಒಂದು ಡಿಗ್ರಿಯ ಆಸುಪಾಸು ಹೆಚ್ಚು ಬಿಸಿ. ಎರಡನ್ನೂ ಒಂದೊಂದಾಗಿ ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ ನೋಡಿ, ಅಂಗೈಗಿಂತ ರೆಪ್ಪೆಗೆ ಚೆನ್ನಾಗಿ ಗೊತ್ತಾಗುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಥರ್ಮಾಮೀಟರ್ ಮನೆಯಲ್ಲಿ ಬಿದ್ದಿದ್ದರೆ ಅದನ್ನೂ ಹಿಡಿಯಬಹುದು. ಅದು ಮೈ ಬಿಸಿ ನೋಡುವ ಲೆಕ್ಕದಲ್ಲಿ ಇದ್ದರೆ ಅಂಕಿಯನ್ನು ಬದಲಿಸಿ ತೋರಿಸುತ್ತದೆ, ವಸ್ತುವಿನ ಬಿಸಿ ನೋಡುವ ಲೆಕ್ಕಕ್ಕೆ ತಿರುಗಿಸಿಕೊಳ್ಳಿ. ಪೆಟ್ಟಿಗೆಯ ಮೂಲೆ ಮೂಲೆಗೂ ಶಾಖ ಬೇರೆ ಇರುವುದರಿಂದ ಅಕ್ಕಪಕ್ಕದ ಮೊಟ್ಟೆಗಳನ್ನೇ ಹೋಲಿಸಿ. ಇದಕ್ಕೆಂದೇ ಚಿಪ್ಪಿನ ಹೊರಗಿಂದ ಇನ್‌ಫ್ರಾರೆಡ್ ಬೆಳಕು ಹಾಯಿಸಿ ಎದೆಬಡಿತ ಎಣಿಸುವ ಯಂತ್ರಗಳೂ ಇವೆ. ದುಬಾರಿ ಗಿಳಿ, ಡೇಗೆ ಸಾಕುವವರು ಬಳಸುತ್ತಾರೆ. ಮನೆಯಲ್ಲಿ 24 ನಾಟಿ ಮೊಟ್ಟೆಗೆ ಅದೆಲ್ಲ ದಂಡ. ಅಲ್ಲದೆ ಕೊನೆಯ ದಿನಗಳಲ್ಲಿ ಮರಿ ಮಿಸುಕಿದರೆ ಆ ಯಂತ್ರಕ್ಕೂ ಲೆಕ್ಕ ತಪ್ಪುತ್ತದೆ.

ವಾಸನೆಗೆ ಮಾತ್ರ ಕಾಯುವ ಮಾತಿಲ್ಲ. ಮೂಗಿನ ಹತ್ತಿರ ಹಿಡಿದಾಗ ಕೊಳೆತ ವಾಸನೆ ಬಂದರೆ, ಚಿಪ್ಪಿನಿಂದ ಜಿಗುಟಾದ ಕಂದು ದ್ರವ ಹನಿಹನಿಯಾಗಿ ಜಿನುಗಿದ್ದರೆ, ಆ ಮೊಟ್ಟೆಯನ್ನು ಆಗಲೇ ಹೊರಗೆ ಹಾಕಿ. ಒಳಗೆ ಗ್ಯಾಸ್ ತುಂಬಿ ಒಡೆದರೆ ಉಳಿದ ಮೊಟ್ಟೆಗಳಿಗೂ ರೋಗ ಹರಡುತ್ತದೆ, ಮನೆಯಲ್ಲಿ ಎರಡು ದಿನ ಊಟ ಸೇರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೆಲ್ಲಗೆ ಎತ್ತಿ, ಕೈ ಸೋಪಿನಲ್ಲಿ ತೊಳೆಯಿರಿ.

ಇವತ್ತು ನೀವು ಮಾಡಬೇಕಾದ ಕೆಲಸ ಹೀಗಿದೆ. ಒಂದೇ ಸಲ, ಬೇಗ ಬೇಗ, ದಪ್ಪ ತುದಿಯಿಂದ ಎಲ್ಲವನ್ನೂ ನೋಡಿ ಗೆರೆ ಗುರುತು ಮಾಡಿ ಒಳಗಿಡಿ. ನಾಳೆ ಹೋಲಿಸಲು ಬಿರುಕು ಬಿಡದ ಮೂರು ನಾಲ್ಕು ಮೊಟ್ಟೆ ನೋಡಿದರೆ ಸಾಕು. 18 ದಿನ ತುಂಬಿದ ಮೇಲೆ ಮೊಟ್ಟೆ ಹೊರಳಿಸುವುದು ನಿಲ್ಲಿಸಬೇಕು, ನಿಲ್ಲಿಸಿದ್ದೀರಾ? ತಿರುಗಿಸುವ ಮೋಟಾರ್ ಇದ್ದರೆ ಅದನ್ನು ಬಿಚ್ಚಿಡಿ. ಗಾಳಿಯ ತೇವಾಂಶ ಇಲ್ಲಿಯವರೆಗೆ ನೂರಕ್ಕೆ 45ರಿಂದ 55 ಇದ್ದರೆ ಇನ್ನು ಮುಂದೆ 65ರಿಂದ 70 ಬೇಕು. ಅದಕ್ಕೆ ನೀರಿನ ತಟ್ಟೆಯ ಅಗಲವನ್ನು ಹೆಚ್ಚಿಸಿ. ಆಳ ಹೆಚ್ಚಿಸಿದರೆ ಏನೂ ಉಪಯೋಗವಿಲ್ಲ. ಗಾಳಿಯ ತೂತುಗಳನ್ನು ಮಾತ್ರ ಮುಚ್ಚಬೇಡಿ, ಮರಿ ಈಗ ಜಾಸ್ತಿ ಉಸಿರಾಡುತ್ತದೆ. ಆಮೇಲೆ ಮುಚ್ಚಳ ತೆಗೆಯುವ ಆಸೆಯನ್ನು ತಡೆದುಕೊಳ್ಳಿ. ಬಿರುಕು ಬಿದ್ದ ಮೇಲೆ ಮುಚ್ಚಳ ತೆಗೆದು ತೆಗೆದು ನೋಡಿದರೆ ಒಳಗಿನ ತೇವ ಹಾರಿಹೋಗಿ ಪೊರೆ ಒಣಗಿ ಮರಿಗೆ ಬಿಗಿಯುತ್ತದೆ. ಬದುಕಿದೆಯಾ ಅಂತ ನೋಡಲು ಹೋಗಿ ಸಾಯಿಸುವುದು ಹೆಚ್ಚಾಗಿ ಹೀಗೇ.

ಬಿರುಕು ಕಂಡ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಬೇಕು. ಕುಕ್ಕಿ, ಗಂಟೆಗಟ್ಟಲೆ ಸುಮ್ಮನಿದ್ದು, ಆಮೇಲೆ ಸುತ್ತಲೂ ಕೊರೆಯುತ್ತಾ ಹೋಗುತ್ತದೆ. ನಡುವಿನ ಆ ಹೊತ್ತಿನಲ್ಲಿ ಉಳಿದ ರಕ್ತ ಮತ್ತು ಹಳದಿ ಒಳಗೆ ಸೇರುತ್ತಿರುತ್ತದೆ. ಆಗ ಚಿಪ್ಪು ಸುಲಿದು ಸಹಾಯ ಮಾಡಿದರೆ ರಕ್ತ ಸುರಿಯುತ್ತದೆ. 24 ಗಂಟೆ ಕಳೆದರೂ ಒಂದಿಷ್ಟೂ ಮುಂದುವರಿಯದೆ, ಬಿರುಕಿನ ಸುತ್ತ ಪೊರೆ ಕಾಗದದಂತೆ ಒಣಗಿ ಕಂದಾಗಿದ್ದರೆ ಮಾತ್ರ ಕೈ ಹಾಕಿ. ಬೆಚ್ಚಗಿನ ನೀರಿನಲ್ಲೋ ಕೊಬ್ಬರಿ ಎಣ್ಣೆಯಲ್ಲೋ ಅದ್ದಿದ ಹತ್ತಿಯಿಂದ ಪೊರೆಯನ್ನು ತೇವ ಮಾಡಿ, ಮೂಗಿನ ಹತ್ತಿರ ಬೇಡ. ಒಂದೆರಡು ಚೂರು ಚಿಪ್ಪು ತೆಗೆದು ನಿಲ್ಲಿಸಿ. ಚುಕ್ಕೆ ರಕ್ತ ಕಂಡರೂ ಅಲ್ಲಿಗೇ ಬಿಟ್ಟು ವಾಪಸ್ ಇಡಿ. ಮೊದಲು ಹುಟ್ಟಿದ ಮರಿಗಳು ಹಸಿದಿವೆ ಅಂತ ಪೆಟ್ಟಿಗೆ ತೆಗೆಯುವ ಅವಸರವೂ ಬೇಡ. ಹೊಟ್ಟೆಯಲ್ಲಿರುವ ಹಳದಿಯಿಂದ ಅವು ಎರಡು ದಿನ ಆರಾಮವಾಗಿ ಇರುತ್ತವೆ. ಒಂದು ದಿನದ ಮರಿಗಳನ್ನು ದೂರದ ಊರುಗಳಿಗೆ ಪೆಟ್ಟಿಗೆಯಲ್ಲಿ ಕಳಿಸಲು ಆಗುವುದು ಇದರಿಂದಲೇ.

ಗುರುವಾರ ಮುಗಿದು ಮತ್ತೆ ಎರಡು ದಿನ, ಅಂದರೆ ಶನಿವಾರ ರಾತ್ರಿಗೆ 23 ದಿನ ತುಂಬುತ್ತದೆ. ಆಗಲೂ ಬಿರುಕು, ಸದ್ದು, ಗೆರೆಯ ಸರಿತ ಯಾವುದೂ ಇಲ್ಲದ್ದನ್ನು ಯಜಮಾನರ ಕೈಗೆ ಕೊಡಿ. ಮನೆಯ ಹೊರಗೆ, ದಪ್ಪ ತುದಿಯಿಂದ, ಗಾಳಿಯ ಜಾಗದ ಮೇಲಿನ ಚಿಪ್ಪನ್ನಷ್ಟೇ ಮೊದಲು ಬಿಡಿಸಲಿ. ಒಳಗೆ ಮಿಸುಕಾಟ ಕಂಡರೆ ಅಲ್ಲಿಗೇ ನಿಲ್ಲಿಸಬಹುದು. ಸತ್ತಿದ್ದರೆ ಹಾಗೇ ಹೂಳಬೇಡಿ, ಒಂದು ನಿಮಿಷ ನೋಡಿ. ಹಳದಿ ಇನ್ನೂ ಹೊಟ್ಟೆಯ ಹೊರಗಿದ್ದರೆ 18-19ರ ಹೊತ್ತಿಗೇ ಹೋಗಿದೆ, ಭಾನುವಾರದ ರಾತ್ರಿಯನ್ನು ಅನುಮಾನಿಸಬಹುದು. ಮರಿ ಪೂರ್ತಿ ಬೆಳೆದು, ಮೈಯೆಲ್ಲ ಒದ್ದೆಯಾಗಿ, ಗಾಳಿಯ ಜಾಗ ಚಿಕ್ಕದಿದ್ದರೆ ಮೊದಲ 18 ದಿನ ತೇವ ಜಾಸ್ತಿಯಾಗಿತ್ತು. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಗೆ ನೀರು ಇಡದೆಯೂ ಹೀಗಾಗಬಹುದು, ನಿಮ್ಮದು ಸಕಲೇಶಪುರದ ಕಡೆಯಾದರೆ ಇದನ್ನು ಗಮನಿಸಿ. ಪೊರೆ ಒಣಗಿ ಮೈಗೆ ಅಂಟಿದ್ದರೆ ತೇವ ಕಡಿಮೆ. ತಲೆ ಚೂಪು ತುದಿಯ ಕಡೆ ಇದ್ದರೆ ಮೊಟ್ಟೆ ಇಡುವಾಗ ದಪ್ಪ ತುದಿ ಕೆಳಗಾಗಿತ್ತೇನೋ ನೋಡಿ. ಸತ್ತವನ್ನು ನಾಯಿಗೆ ಹಾಕದೆ ಆಳವಾಗಿ ಹೂಳಿ.

ಇನ್ನು ಕೊಟ್ಟಿಗೆಯ ನಾಲ್ಕು ಮೊಟ್ಟೆ. ಇವುಗಳದ್ದೇ ನಿಜವಾದ ಅವಸರ, ಈ ಉತ್ತರ ಓದಿದ ಕೂಡಲೇ ಹೋಗಿ ತನ್ನಿ. ಒಂದಷ್ಟು ಮರಿ ಎದ್ದ ಮೇಲೆ ಹೇಟೆ ಒಂದೆರಡು ದಿನ ಕಾದು ಮರಿಗಳ ಹಿಂದೆ ಹೊರಡುತ್ತದೆ, ಉಳಿದ ಮೊಟ್ಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ಉಳಿದದ್ದು ಸತ್ತಿದೆ ಅಂತ ಅದಕ್ಕೆ ಗೊತ್ತಾಗಿ ಬಿಟ್ಟಿತು ಅನ್ನುವ ನಂಬಿಕೆ ಇದೆ. ಹಾಗೇನಿಲ್ಲ, ಓಡಾಡುವ ಮರಿಗಳ ಸೆಳೆತ ದೊಡ್ಡದು ಅಷ್ಟೆ. ಕಾವು ಕೂತಿದ್ದಾಗ ಬೇರೆ ಕೋಳಿ ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಹೋಗಿದ್ದರೆ ಅದು ವಯಸ್ಸಿನಲ್ಲೇ ಹಿಂದೆ ಇರುತ್ತದೆ. ಅದಕ್ಕೇ ಕೂರಿಸುವ ದಿನ ಎಲ್ಲಾ ಮೊಟ್ಟೆಗೂ ಸೀಸದ ಕಡ್ಡಿಯಲ್ಲಿ ಗುರುತು ಹಾಕಬೇಕು. ಬೆಳಕಿಗೆ ಹಿಡಿದು ನೋಡಿ. ಪೂರ್ತಿ ತಿಳಿ ಇದ್ದರೆ ಗೊಡ್ಡು. ಅರ್ಧ ಕಪ್ಪು, ಸುತ್ತ ಕೆಂಪು ನಾಳ ಇದ್ದರೆ ಆಮೇಲೆ ಇಟ್ಟಿದ್ದು, ಜೀವ ಇದೆ. ಪೂರ್ತಿ ಕಪ್ಪು, ಮೇಲೆ ಗಾಳಿಯ ಜಾಗ ಇದ್ದರೆ ಇವತ್ತೋ ನಾಳೆಯೋ ಒಡೆಯಬೇಕಾದ್ದು. ಮುಟ್ಟಿದರೆ ತಣ್ಣಗಿದೆ ಅಂತ ಕೈ ಬಿಡಬೇಡಿ. ಬೆಳಿಗ್ಗೆ ಎದ್ದ ಹೇಟೆಯ ಮೊಟ್ಟೆ ಸಂಜೆಯ ಹೊತ್ತಿಗೂ ಉಳಿಯುವ ಸಾಧ್ಯತೆ ಇದೆ, ಒಂದು ರಾತ್ರಿ ಕಳೆದರೆ ಕಷ್ಟ.

ಹಿಕ್ಕೆ ಅಂಟಿದ್ದರೆ ತೊಳೆಯದೆ ಒಣ ಬಟ್ಟೆಯಿಂದ ಒರೆಸಿ ಇನ್‌ಕ್ಯುಬೇಟರ್‌ನ ಒಂದು ಮೂಲೆಯಲ್ಲಿಡಿ. ಮರಿ ಬಂದರೆ ಮೈ ಒಣಗಿದ ಮೇಲೆ ರಾತ್ರಿ ಹೊತ್ತು ಹೇಟೆಯ ರೆಕ್ಕೆಯ ಕೆಳಗೆ ಸೇರಿಸಿ. ಅದರ ಮರಿಗಳು ಎರಡು ಮೂರು ದಿನದವು ಆಗಿರುವಾಗಲೇ ಸೇರಿಸಿದರೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಹೇಟೆ ದೊಡ್ಡದಿದ್ದರೆ ಯಂತ್ರದ ಮರಿಗಳಲ್ಲೂ ನಾಲ್ಕೈದನ್ನು ಅದಕ್ಕೇ ಒಪ್ಪಿಸಬಹುದು. ಬೆಳಿಗ್ಗೆ ಬೇಗ ಎದ್ದು ಕುಕ್ಕುತ್ತಿದೆಯಾ ನೋಡಿ. ಕುಕ್ಕಿದರೆ ತೆಗೆದು ಬಲ್ಬಿನ ಕೆಳಗೆ ಇಡಿ, ಮೊದಲ ವಾರ 33-35 ಡಿಗ್ರಿ ಶಾಖ ಸಾಕು.